ಮೆಲ್ಬರ್ನಿನ ಒಂಬತ್ತನೆಯ ಅಚ್ಚರಿ

ನಮ್ಮ ಮನೆಗೆ ಬರುವ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಕಳೆದ ತಿಂಗಳು ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಅಚ್ಚರಿಗಳ ಪಟ್ಟಿಯೊಂದು ಪ್ರಕಟವಾಗಿತ್ತು. ಅಲ್ಲಿಗೆ ಪ್ರವಾಸ ಹೊರಡುವವರಿಗಾಗಿ ಬರೆದದ್ದು. ಅದನ್ನು ಎರಡು ಸಲ ಓದಿದೆ. ಒಂದೇ ದಿನದಲ್ಲಿ ನಾಲ್ಕು ಋತುಗಳು ಬಂದುಹೋಗುವ ಊರು ಎಂಬುದು ಇತ್ತು. ಹಂಸಗಳು ಕಪ್ಪು ಎಂಬುದೂ ಇತ್ತು. ಆ ನೆಲ ನಗರದ ಪಾಲಾದ ಬಗೆ ಮಾತ್ರ ಇರಲಿಲ್ಲ.

ನನಗೆ ಆಶ್ಚರ್ಯವಾಗಲಿಲ್ಲ. ಇದೇ ಊರಿನ ಒಂಬತ್ತು ಅಚ್ಚರಿಗಳನ್ನು ನಾನು ತರುಣನಾಗಿದ್ದಾಗ ವಯನಾಡಿನ ಕೇಣಿಚಿರದ ವಾಚನಾಲಯದ ಕೈಬರಹದ ಪತ್ರಿಕೆಗೆ ಬರೆದುಕೊಟ್ಟಿದ್ದೆ. ಅಂದೂ ಎಂಟು ಉಳಿದವು. ಒಂಬತ್ತನೆಯದನ್ನು ಬ್ಲೇಡಿನಿಂದ ಕೊಯ್ದು ತೆಗೆದರು. ಕೊಯ್ದವರನ್ನು ನಾನು ಕ್ಷಮಿಸಿಲ್ಲ. ಆ ಕಾಗದದ ತುಂಡು ನಮ್ಮ ಅತ್ತೆಯ ಗದ್ದೆಯನ್ನು ಹೇಗೆ ಕೊಂಡೊಯ್ದಿತು ಎಂಬುದನ್ನು ಬರೆದಿಡುವವರು ನನ್ನ ಹೊರತು ಈಗ ಯಾರೂ ಉಳಿದಿಲ್ಲ.

ನಮ್ಮದು ತಲೆಮಾರುಗಳ ಹಿಂದೆ ಕನ್ನಡ ಸೀಮೆಯಿಂದ ವಯನಾಡಿಗೆ ಬಂದು ನೆಲೆಸಿದ ಜೈನ ಕುಟುಂಬ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ. ಅತ್ತೆ ಎಂದರೆ ನಮ್ಮ ತಂದೆಯ ಅಕ್ಕ. ಗಂಡ ಚಳಿಜ್ವರದಲ್ಲಿ ತೀರಿಕೊಂಡ ಮೇಲೆ ಕಬಿನಿಯ ಆಚೆದಡದಿಂದ ತೌರಿಗೆ ಮರಳಿದ್ದರು. ಅಜ್ಜ ಅವರಿಗೆ ಒಂದು ಗದ್ದೆಯನ್ನೂ, ಅದರ ಮೇಲಿನ ದಿಬ್ಬವನ್ನೂ ಬಿಟ್ಟುಕೊಟ್ಟಿದ್ದರು. ದಿಬ್ಬದ ಬುಡದಲ್ಲಿ ಒಂದು ಒರತೆ. ಅದರ ನೀರೇ ಗದ್ದೆಗೆ ಆಧಾರ. ಅತ್ತೆ ಆ ಗದ್ದೆಯ ಗಂಧಕಸಾಲೆ ಅಕ್ಕಿಯನ್ನು ಬೇರೆ ಒಲೆಯಲ್ಲಿ ಬೇಯಿಸಿಕೊಂಡು ಉಣ್ಣುತ್ತಿದ್ದರು. ತಮ್ಮನ ಮನೆಯಲ್ಲಿದ್ದೂ ತಮ್ಮನ ಹಂಗಿಗೆ ಬೀಳದೆ ಬದುಕಲು ಅವರಿಗಿದ್ದುದು ಅದೊಂದೇ.

ತಿರುವಿದಾಂಕೂರಿನ ಕಡೆಯಿಂದ ವಲಸೆಗಾರರು ಬರತೊಡಗಿದ ವರ್ಷಗಳವು. ಬಸ್ಸಿಳಿದವರ ತಲೆಯ ಮೇಲೆ ಮರಗೆಣಸಿನ ಕಡ್ಡಿಗಳ ಕಟ್ಟು, ಕೈಯಲ್ಲಿ ಗುದ್ದಲಿ, ಹಿಂದೆ ಹೆಂಡತಿ ಮಕ್ಕಳು. ಅವರು ಪಟ್ಟ ಪಾಡನ್ನು ನಾನು ಅಲ್ಲಗಳೆಯುವುದಿಲ್ಲ. ಜ್ವರಕ್ಕೆ ಮಕ್ಕಳನ್ನು ಕಳೆದುಕೊಂಡು, ಮಣ್ಣು ಮಾಡಿ ಬಂದು ಅದೇ ಮಧ್ಯಾಹ್ನ ಗುದ್ದಲಿ ಹಿಡಿದವರನ್ನು ಕಣ್ಣಾರೆ ಕಂಡಿದ್ದೇನೆ. ಅಂಥವರಲ್ಲಿ ಒಬ್ಬ ನಮ್ಮ ಅಂಗಳಕ್ಕೆ ಬಂದ.

"ಗೌಡ್ರೇ, ಒಂದು ಮಳೆಗಾಲ. ಆ ದಿಬ್ಬದ ಮೇಲೆ ಒಂದು ಗುಡಿಸ್ಲು, ಇಷ್ಟು ಕಪ್ಪ. ಅಷ್ಟೇ ಮದಿ," ಎಂದ. ಕಪ್ಪ ಎಂದರೆ ಮರಗೆಣಸು, ಮದಿ ಎಂದರೆ ಸಾಕು.

ನಮ್ಮಲ್ಲಿ ಇದಕ್ಕೊಂದು ಕಟ್ಟಳೆಯಿತ್ತು. ನೆಲದ ಯಜಮಾನ ತಾನೇ ಒಂದು ನೆಲ್ಲಿಯ ಕೊಂಬೆಯನ್ನು ಕಡಿದು ನೆಲದ ಮೂಲೆಯಲ್ಲಿ ನೆಡಬೇಕು. ಅದರ ಎಲೆ ಹಸಿರಾಗಿರುವ ತನಕ ಬಂದವನನ್ನು ಏಳಿಸುವಂತಿಲ್ಲ. ಒಣಗಿದ ಮೇಲೆ ಅವನು ನಿಲ್ಲುವಂತಿಲ್ಲ. ಕಡಿದ ನೆಲ್ಲಿ ಬೇರು ಬಿಡುವುದಿಲ್ಲವಾದ್ದರಿಂದ ಈ ಕಟ್ಟಳೆ ಯಾರಿಗೂ ಕೇಡು ಮಾಡಿರಲಿಲ್ಲ. ಆದರೆ ಅಂದು ಚತುರ್ದಶಿ. ಆ ತಿಥಿಯಲ್ಲಿ ನಾವು ಹಸಿರನ್ನು ಕಡಿಯುವವರಲ್ಲ. ನಾಳೆ ಬಾ ಎನ್ನಬಹುದಾಗಿತ್ತು. ಮೋಡ ಕವಿದಿತ್ತು, ಅವನ ಹೆಂಡತಿಯ ಮಡಿಲಲ್ಲಿ ಕೂಸಿತ್ತು. ತಂದೆಯವರು, "ನಾನು ಇವತ್ತು ಕತ್ತಿ ಹಿಡಿಯೋದಿಲ್ಲ. ನೀನೇ ಒಂದು ಕೊಂಬೆ ಕಡಿದು ನೆಡಪ್ಪ," ಎಂದರು.

ಅವನು ಕೈಗೆ ಸಿಕ್ಕಿದ್ದನ್ನು ಕಡಿದ. ಅದು ಹಾಲುವಾಣ, ಮೆಣಸಿನ ಬಳ್ಳಿ ಹಬ್ಬಿಸುವ ಮುಳ್ಳುಮರ. ಮಳೆಗಾಲದಲ್ಲಿ ಅದರ ಕೊಂಬೆಯನ್ನು ನೆಲಕ್ಕೆ ಚುಚ್ಚಿದರೆ ಸಾಕು, ಬೇರು ಬಿಡುತ್ತದೆ. ಅವನು ತಿಳಿದು ಮಾಡಿದನೋ ತಿಳಿಯದೆಯೋ, ಇಂದಿಗೂ ಹೇಳಲಾರೆ. ತಿಳಿದೇ ಮಾಡಿದ ಎಂದು ಬರೆಯಲು ಕೈ ತುರಿಸುತ್ತದೆ, ಸಾಕ್ಷ್ಯವಿಲ್ಲದ್ದನ್ನು ಬರೆಯುವುದಿಲ್ಲ.

ಮಳೆ ಮುಗಿದ ಮೇಲೆ ಒಂದು ಬೆಳಿಗ್ಗೆ ಅತ್ತೆ ನನ್ನನ್ನು ದಿಬ್ಬಕ್ಕೆ ಕರೆದೊಯ್ದು ತೋರಿಸಿದರು. ಕೊಂಬೆಯ ಗಿಣ್ಣುಗಿಣ್ಣಿನಲ್ಲೂ ಚಿಗುರು ಒಡೆದಿತ್ತು.

"ಇದು ಒಣಗಲ್ಲ ಮಗಾ," ಎಂದರು ಅತ್ತೆ. "ನಿಮ್ಮಪ್ಪಂಗೆ ಹೇಳು."

ಹೇಳಿದೆ. ತಂದೆಯವರು, "ಎಲೆ ಹಸಿರಾಗಿದೆ. ಏಳು ಅಂತ ಯಾವ ಬಾಯಲ್ಲಿ ಹೇಳ್ಲಿ?" ಎಂದರು. ಆ ಬೇಸಿಗೆ ಕಳೆಯಲಿ, ಬಿಸಿಲಿಗೆ ಬಾಡೀತು ಎಂಬುದು ಅವರ ನಂಬಿಕೆ. ಬೇಸಿಗೆಯಲ್ಲಿ ಅದು ಕೆಂಪು ಹೂ ಬಿಟ್ಟಿತು.

ನಾನು ಆಗ ಕೇಣಿಚಿರದ ಶಾಲೆಯೊಂದರಲ್ಲಿ ಮೇಷ್ಟ್ರು. ತೋಟವೊಂದರ ದೊರೆ ಊರು ಬಿಟ್ಟು ಹೋಗುವಾಗ ವಾಚನಾಲಯಕ್ಕೆ ಒಂದು ಪೆಟ್ಟಿಗೆ ಇಂಗ್ಲಿಷ್ ಪುಸ್ತಕ ಕೊಟ್ಟಿದ್ದ. ಅದರಲ್ಲಿ ಮೆಲ್ಬರ್ನಿಗೆ ಹೋಗುವವರಿಗೊಂದು ಕೈಪಿಡಿ ಸಿಕ್ಕಿತು. ವಾಚನಾಲಯದ ಕಾರ್ಯದರ್ಶಿ, ಅವರೂ ವಲಸೆ ಬಂದ ಮೇಷ್ಟ್ರೇ, "ಮಾಷೇ, ನಮ್ಮ ಪತ್ರಿಕೆಗೆ ಜನ ಬಾಯಿ ತೆರೆದು ಕೇಳೋ ಹಾಗೆ ಬರೆದುಕೊಡಿ. ಮುಂದಿನ ಸಭೆಯಲ್ಲಿ ಓದೋಣ," ಎಂದರು. ನಾನು ಆ ಕೈಪಿಡಿಯನ್ನೂ, ಅದೇ ಪೆಟ್ಟಿಗೆಯಲ್ಲಿದ್ದ ಒಂದು ಚರಿತ್ರೆಯ ಪುಸ್ತಕವನ್ನೂ ಓದಿ, ಮಲಯಾಳದಲ್ಲಿ ಒಂಬತ್ತು ಅಚ್ಚರಿಗಳನ್ನು ಬರೆದೆ.

ಸಭೆ ಶುಕ್ರವಾರ ಸಂಜೆ, ಶಾಲೆ ಬಿಟ್ಟ ಮೇಲೆ. ಬೆಂಚುಗಳು ತುಂಬಿದ್ದವು. ದಿಬ್ಬದವನೂ ಕೊನೆಯ ಬೆಂಚಿನಲ್ಲಿದ್ದ. ಅವನನ್ನು ನಾವು ಆಗಲೇ ದಿಬ್ಬದವನು ಎಂದು ಕರೆಯತೊಡಗಿದ್ದೆವು. ನೆಲ ನಮ್ಮದು, ಹೆಸರು ಅವನದು.

ಆ ಊರಿನಲ್ಲಿ ಬೆಳಿಗ್ಗೆ ಸೆಕೆ, ಮಧ್ಯಾಹ್ನ ಆಲಿಕಲ್ಲು, ಸಂಜೆ ಕೊರೆಯುವ ಚಳಿ ಎಂದು ಓದಿದೆ. ನಡುವೆ ಹರಿಯುವ ನದಿ ಎಷ್ಟು ಕೆಂಗಂದು ಎಂದರೆ, ಕೆಸರನ್ನು ಮೇಲೆ ಹಾಕಿಕೊಂಡು ತಲೆಕೆಳಗಾಗಿ ಹರಿಯುತ್ತದೆಂದು ಊರವರೇ ನಗೆಯಾಡುತ್ತಾರೆ ಎಂದೆ.

"ಅದಕ್ಕೆ ಆಸ್ಟ್ರೇಲಿಯಾಕ್ಕೆ ಯಾಕೆ ಹೋಗ್ಬೇಕು? ಕರ್ಕಾಟಕದಲ್ಲಿ ನಮ್ಮ ಪುಳೆ ನೋಡಿದ್ರೆ ಸಾಕು," ಎಂದು ಚಹಾದಂಗಡಿಯವನು ಕೂಗಿದ. ಜಡಿಮಳೆಯ ಆಟಿ ತಿಂಗಳಿನ ನಮ್ಮ ಹೊಳೆಯ ಮಾತದು. ಎಲ್ಲರೂ ನಕ್ಕರು.

ಟ್ರಾಮ್ ಓಡುವ ಬೀದಿಗಳಲ್ಲಿ ಬಲಕ್ಕೆ ತಿರುಗಬೇಕಾದ ಮೋಟಾರು ಮೊದಲು ಎಡದ ಅಂಚಿಗೆ ಹೋಗಿ ಕಾದು ನಿಲ್ಲಬೇಕು ಎಂದೆ. ಬಸ್ ಡ್ರೈವರ್ ಒಬ್ಬ ತಲೆಯ ಮೇಲೆ ಕೈಹೊತ್ತ. ಕಪ್ಪು ಹಂಸಗಳ ಮಾತಿಗೆ, "ಹಾಗಾದ್ರೆ ಅಲ್ಲಿ ಕಾಗೆ ಬೆಳ್ಳಗಿರತ್ತೋ?" ಎಂದು ಅವನೇ ಕೇಳಿದ. ದೆಹಲಿಯಂಥ ಹೊಸ ರಾಜಧಾನಿ ಸಿದ್ಧವಾಗುವ ತನಕ ದೇಶದ ಸಂಸತ್ತು ಈ ಊರಿನಲ್ಲೇ ಕೂರುತ್ತಿತ್ತು ಎಂಬುದು ಆರನೆಯದೋ ಏಳನೆಯದೋ. ಚಿನ್ನ ಹುಡುಕಿ ಬಂದ ಚೀನೀಯರ ಬೀದಿ ನೂರು ವರ್ಷದಿಂದ ಹಾಗೇ ಇದೆ. ಈಗ ಗ್ರೀಕರು, ಇಟಲಿಯವರು ಹಡಗು ಹಡಗಾಗಿ ಬಂದಿಳಿಯುತ್ತಿದ್ದಾರೆ ಎಂದಾಗ ಬೆಂಚುಗಳಿಗೆ ಜೀವ ಬಂತು.

"ನಮ್ಮ ಹಾಗೇ!" ಎಂದ ಒಬ್ಬ.

"ಅವ್ರು ಹಡಗು, ನಾವು ಬಸ್ಸು. ವಾಂತಿ ಒಂದೇ," ಎಂದ ಇನ್ನೊಬ್ಬ.

ಎಂಟನೆಯದು ಅಲ್ಲಿನ ದೊಡ್ಡ ಮಾರುಕಟ್ಟೆ. ಅದು ಹಳೆಯ ಸ್ಮಶಾನದ ಮೇಲೆ ನಿಂತಿದೆ. ಸಾವಿರಾರು ಹೆಣಗಳನ್ನು ಎತ್ತದೆ ಹಾಗೆಯೇ ಬಿಟ್ಟಿದ್ದಾರೆ. ಜನ ಅವುಗಳ ಮೇಲೆ ನಿಂತು ತರಕಾರಿ ಆರಿಸುತ್ತಾರೆ ಎಂದೆ. ನಗು ಕಡಿಮೆಯಾಯಿತು. ಮಕ್ಕಳನ್ನು ಮಣ್ಣು ಮಾಡಿದ ತಂದೆಯರು ಆ ಬೆಂಚುಗಳ ಮೇಲಿದ್ದರು.

ಆಮೇಲೆ ಒಂಬತ್ತನೆಯದನ್ನು ಓದಿದೆ. ಆ ನಗರ ನಿಂತ ನೆಲಕ್ಕೆ ಬಿಳಿಯರು ಒಂದು ಕಾಗದ ಬರೆಸಿಕೊಂಡಿದ್ದರು. ಕೊಟ್ಟದ್ದು ಕಂಬಳಿ, ಚಾಕು, ಕೊಡಲಿ, ಕನ್ನಡಿ, ಕತ್ತರಿ, ಒಂದಿಷ್ಟು ಹಿಟ್ಟು. ಓದಲು ಬಾರದ ಹಿರಿಯರು ಅದರ ಮೇಲೆ ಗುರುತು ಹಾಕಿದರು. ಬಳಿಕ ಸರ್ಕಾರ ಆ ಕಾಗದವನ್ನೂ ರದ್ದು ಮಾಡಿತು. ಅನ್ಯಾಯವೆಂದು ರದ್ದು ಮಾಡಿದ್ದಲ್ಲ. ನೆಲ ರಾಜನದಾಗಿರುವಾಗ ಈ ಜನರಿಗೆ ಅದನ್ನು ಮಾರುವ ಹಕ್ಕೇ ಇಲ್ಲವೆಂದು. ಇಷ್ಟಕ್ಕೆ ನಿಲ್ಲಿಸಬೇಕಾಗಿತ್ತು. ನಾನು ಒಂದು ವಾಕ್ಯ ಸೇರಿಸಿದ್ದೆ: "ಒಂದು ಮಳೆಗಾಲವೆಂದು ಕೇಳಿ ಬಂದವರು ಎಷ್ಟು ಮಳೆಗಾಲ ಉಳಿಯುತ್ತಾರೆಂಬುದನ್ನು ತಿಳಿಯಲು ಅಷ್ಟು ದೂರ ಹೋಗಬೇಕಾಗಿಲ್ಲ."

ದಿಬ್ಬದವನು ಎದ್ದು, ಹೆಗಲ ಮೇಲಿನ ತೋರ್ತುವಸ್ತ್ರ ಕೊಡವಿ ಹೊರಗೆ ನಡೆದ. ಕಾರ್ಯದರ್ಶಿ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಪೆನ್ಸಿಲ್ ಹೆರೆಯುವ ಬ್ಲೇಡಿನಿಂದ, ಎಲ್ಲರ ಎದುರಿಗೇ ಆ ಭಾಗವನ್ನು ಕೊಯ್ದರು.

"ಮಾಷೇ, ಇದು ಪ್ರವಾಸ ಹೋಗೋರಿಗೆ. ಈ ತುಂಡು ಯಾಕೆ ಅವರಿಗೆ?" ಎಂದರು. ತಮ್ಮ ಭಾಷೆಯ ವ್ಯಾಕರಣವನ್ನು ನನ್ನಂಥವನು ಚೆನ್ನಾಗಿ ಕಲಿತಿದ್ದಾನೆಂದೂ ಸೇರಿಸಿದರು. ಬೆಂಚುಗಳು ನಕ್ಕವು. ನಕ್ಕವರ ಮುಖಗಳನ್ನು ಈಗಲೂ ಸಾಲಾಗಿ ಹೇಳಬಲ್ಲೆ.

ಮರುದಿನ ಬೆಳಿಗ್ಗೆಯೇ ದಿಬ್ಬದವನು ನಮ್ಮ ಜಗಲಿಯ ಕೆಳಗೆ ನಿಂತಿದ್ದ. "ಗೌಡ್ರೇ, ನಾನು ಕಳ್ಳನಾ? ನೀವೇ ಹೇಳಿ. ನಾನು ಕೇಳದೆ ಬಂದೆನಾ?" ಎಂದ. ಅವನ ಕಣ್ಣು ತುಂಬಿತ್ತು. ಆ ಕಣ್ಣೀರು ಸುಳ್ಳಲ್ಲ. ಅದೇ ನಮ್ಮನ್ನು ಕೆಡಿಸಿದ್ದು. ಕೊಂಬೆ ನೆಟ್ಟು ಕೂರಿಸಿದವನನ್ನು ನಮ್ಮ ಮನೆಯವನೇ ಸಭೆಯಲ್ಲಿ ಅವಮಾನಿಸಿದನೆಂಬುದು ತಂದೆಯವರಿಗೆ ಸಾವಿಗೆ ಸಮ.

"ಅವನ ಕೈ ಹಿಡ್ದು ತಪ್ಪಾಯ್ತು ಅನ್ನು," ಎಂದರು ನನಗೆ.

"ಅಪ್ಪಾ, ಬರೆದದ್ರಲ್ಲಿ ಸುಳ್ಳೇನಿದೆ?"

"ಸುಳ್ಳೋ ನಿಜವೋ ನಾನು ಕೇಳ್ಲಿಲ್ಲ."

ಕೈ ಹಿಡಿದೆ. ಹೇಳಿದೆ. ತಂದೆಯವರು ಅಷ್ಟಕ್ಕೇ ನಿಲ್ಲದೆ, ಅವಮಾನ ತೊಳೆಯಲೆಂದು, "ದಿಬ್ಬ ಪೂರ್ತಿ ಮಾಡ್ಕೋ. ಒರತೆ ತನಕ," ಎಂದುಬಿಟ್ಟರು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಗದ್ದೆಯೂ ದಿಬ್ಬವೂ ಅವರದು; ಅವರನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಲಿಲ್ಲ.

ಅದೇ ವರ್ಷದ ಜೂನಿನಲ್ಲಿ ಒರತೆಯ ಅಂಚಿನ ತನಕ ಹಾಲುವಾಣದ ಕೊಂಬೆಗಳು ಸಾಲುಗಟ್ಟಿದವು; ಒಂದೊಂದರ ಬುಡಕ್ಕೂ ಮೆಣಸಿನ ಬಳ್ಳಿ. ಅತ್ತೆಯ ಗದ್ದೆಯಲ್ಲಿ ಹುಟ್ಟಿನಿಂದ ದುಡಿದಿದ್ದ ಒಬ್ಬ ಮುದುಕ, ವಯನಾಡಿನ ಮೂಲ ನಿವಾಸಿಗಳಾದ ಪಣಿಯರವನು, ನೇಗಿಲು ನಿಲ್ಲಿಸಿ ಆ ಸಾಲನ್ನು ನೋಡುತ್ತಿದ್ದ. "ಇಷ್ಟನ್ನೂ ಇನ್ನು ಏಳಿಸೋರು ಯಾರು?" ಎಂದೆ ನಾನು. ಅವನು ನನ್ನನ್ನು ನೋಡದೆ, "ನಿಮ್ಮ ಮುತ್ತಜ್ಜ ಬಂದಾಗ ನಮ್ಮೋರೂ ಹಿಂಗೇ ಕೇಳಿರ್ಬೇಕು, ಚಿಕ್ಕಗೌಡ್ರೇ," ಎಂದು ಎತ್ತುಗಳನ್ನು ಹೊಡೆದ. ನನಗಾದ ಅವಮಾನಗಳ ಸಾಲಿನಲ್ಲಿ ಅದನ್ನು ಬಹಳ ಕಾಲ ಇಟ್ಟುಕೊಂಡಿದ್ದೆ. ಈಗ ಆ ಸಾಲಿನಿಂದ ತೆಗೆದಿದ್ದೇನೆ.

ಉಳುವವನಿಗೇ ನೆಲ ಎಂಬ ಕಾನೂನು ಬಂದಾಗ ಬಳ್ಳಿಗಳು ಮರದ ತುದಿ ಮುಟ್ಟಿದ್ದವು. ಮಾನಂದವಾಡಿಯ ಕಚೇರಿಯಲ್ಲಿ ವಿಚಾರಣೆ. ತಂದೆಯವರು ಹಾಸಿಗೆ ಹಿಡಿದಿದ್ದರು. ಅತ್ತೆಯ ಪರವಾಗಿ ನಾನು ನಿಂತೆ.

"ಗೇಣಿಚೀಟಿ ಇದೆಯಾ?" ಎಂದರು ಅಧಿಕಾರಿ.

"ಇಲ್ಲ. ಒಂದು ಕೊಂಬೆ ನೆಟ್ಟಿತ್ತು. ಅದು ಒಣಗೋ ತನಕ ಮಾತ್ರ ಅಂತ ಕಟ್ಟಳೆ."

"ಒಣಗಿದೆಯಾ?"

"ಇಲ್ಲ."

ಗುಮಾಸ್ತ ನಗು ತಡೆಯಲು ಕಡತದ ಹಿಂದೆ ಮುಖ ಮರೆಸಿದ. ದಿಬ್ಬದವನು ನಗಲಿಲ್ಲ, ತಲೆ ತಗ್ಗಿಸಿದ್ದ. ಮರಗಳ ಪ್ರಾಯವೇ ಅವನ ಸ್ವಾಧೀನಕ್ಕೆ ಸಾಕ್ಷಿಯಾಯಿತು. ದಿಬ್ಬವೂ ಒರತೆಯೂ ಅವನ ಹೆಸರಿಗೆ ಹೋದವು. ಗದ್ದೆ ಅತ್ತೆಗೇ ಉಳಿಯಿತು, ನೀರಿಲ್ಲದೆ. ಅವನು ಮೆಣಸಿಗೆಂದು ಒರತೆಗೆ ಕಟ್ಟೆ ಕಟ್ಟಿದ; ಮುಂದಿನ ಮಳೆಗಾಲ ತಡವಾದಾಗ ಅತ್ತೆಯ ಸಸಿಮಡಿ ನಿಂತಲ್ಲೇ ಹಳದಿಯಾಯಿತು.

ಆ ಮೆಲ್ಬರ್ನಿನ ಹಿರಿಯರ ವಿಷಯ ನಾನು ಮುಂದೆ ಎಷ್ಟೋ ವರ್ಷಗಳ ಮೇಲೂ ಓದಿದೆ. ಅವರಲ್ಲಿ ಅತಿಥಿಗೆ ಹಸಿರೆಲೆ ಕೊಟ್ಟು, ಕೆಲಕಾಲ ತಮ್ಮ ನೆಲದಲ್ಲಿ ತಂಗಲು ಬಿಡುವ ಪದ್ಧತಿಯಿತ್ತಂತೆ; ಆ ಕಾಗದವನ್ನೂ ಅಂಥದೇ ಒಂದು ಒಪ್ಪಿಗೆಯೆಂದು ಅವರು ಎಣಿಸಿರಬೇಕು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ.

ಸಸಿಮಡಿ ಸತ್ತ ವಾರ ಅತ್ತೆ ತಮ್ಮ ಒಲೆ ಆರಿಸಿ, ಗಂಡನ ಕಡೆಯವರಲ್ಲಿಗೆ ಹೊರಟರು. ತಮ್ಮನ ಅಕ್ಕಿ ಬೇಯಿಸಲು ಅವರು ಒಪ್ಪಲಿಲ್ಲ. ಕೊಳವಳ್ಳಿಯ ಕಡವಿನ ತನಕ ಅವರ ಗಂಟನ್ನು ನಾನೇ ಹೊತ್ತೆ. ತಡವಾಗಿ ಬಂದ ಮಳೆಗೆ ಕಬಿನಿ ಕೆಂಪಗೆ ಹರಿಯುತ್ತಿತ್ತು. ಒಂಬತ್ತನೆಯ ಅಚ್ಚರಿಯನ್ನು ಅವರಿಗೂ ಹಿಂದೊಮ್ಮೆ ಹೇಳಿದ್ದೆ. ದೋಣಿ ಹತ್ತಿ ಕುಳಿತ ಮೇಲೆ ಅತ್ತೆ ಕೇಳಿದರು:

"ಆ ಊರಲ್ಲಿ ಗುರುತು ಹಾಕಿದೋರು ಆಮೇಲೆ ಎಲ್ಲಿಗೆ ಹೋದ್ರು, ಮಗಾ?"

"ಪುಸ್ತಕದಲ್ಲಿ ಇಲ್ಲ, ಅತ್ತೆ."

"ನೀನೂ ಹುಡುಕ್ಲಿಲ್ವಾ?"

ದೋಣಿಯವನು ಗಳ ಊರಿದ. ಉತ್ತರ ಸಿಕ್ಕಲು ನನಗೆ ಇಪ್ಪತ್ತು ವರ್ಷ ಹಿಡಿಯಿತು. ಅವರ ಪೀಳಿಗೆಯನ್ನು ನಗರದಿಂದ ದೂರ ಒಂದು ಕಡೆ ಇರಿಸಿದರು. ಅವರು ಅಲ್ಲಿಯ ನೆಲ ಹಸನು ಮಾಡಿ ಬೆಳೆ ತೆಗೆದರು. ಆ ನೆಲ ಒಳ್ಳೆಯದೆಂದು ಕಂಡ ಮೇಲೆ ಅಲ್ಲಿಂದಲೂ ಹಲವರನ್ನು ಏಳಿಸಿದರು. ಇದನ್ನು ಒಂದು ಕಾರ್ಡಿನಲ್ಲಿ ಬರೆದು ಆಚೆದಡಕ್ಕೆ ಕಳಿಸಿದೆ. ಊರು ಬಿಟ್ಟಿದ್ದಾರೆಂಬ ಅಂಚೆಯ ಷರಾ ಹೊತ್ತು ಕಾರ್ಡು ಮರಳಿತು; ಅತ್ತೆ ಆ ಊರಿನಿಂದಲೂ ಹೋಗಿದ್ದರು. ಎಲ್ಲಿಗೆ ಎಂದು ಬರೆದು ತಿಳಿಸುವವರು ಅಲ್ಲಿ ಯಾರೂ ಇರಲಿಲ್ಲ.