ಅಪ್ಪನ ಗೀಟು, ನನ್ನ ಗರಗಸ

ಶ್ರೀರಂಗಪಟ್ಟಣದಲ್ಲಿ ನಮ್ಮ ಮನೆ ಹೊಳೆಗೆ ಕೂಗಳತೆಯಲ್ಲಿದೆ. ನನ್ನಪ್ಪ ಬಡಗಿ. ಪ್ರವಾಹ ಮನೆಯೊಳಗೆ ನುಗ್ಗಿ ಇಳಿದಾಗಲೆಲ್ಲ ಉಳಿ ತಂದು, ನೀರು ನಿಂತಿದ್ದ ಮಟ್ಟಕ್ಕೆ ತಲೆಬಾಗಿಲ ಚೌಕಟ್ಟಿನಲ್ಲಿ ಒಂದು ಗೀಟು ಕೆತ್ತುತ್ತಿದ್ದ. ಅವನು ಹೋದ ಮೇಲೂ ಮನೆಯ ನಿಯಮ ಅದೇ: ಕಟ್ಟೆಯಿಂದ ನೀರು ಬಿಡುತ್ತಾರೆಂದು ಆಟೋದಲ್ಲಿ ಮೈಕು ಕೂಗಿದರೆ, ಸಾಮಾನೆಲ್ಲ ಎಲ್ಲಕ್ಕಿಂತ ಮೇಲಿನ ಗೀಟು ದಾಟಿ ಏರಬೇಕು.

ನಾನೂ ಬಡಗಿಯೇ. ಒಂದು ಬೇಸಿಗೆಯಲ್ಲಿ ನೋಡಿದರೆ ಚೌಕಟ್ಟಿನ ಬುಡ ಲಡ್ಡಾಗಿತ್ತು. ಕೊಳೆತ ಒಂದು ಗೇಣನ್ನು ಗರಗಸದಲ್ಲಿ ಕುಯ್ದು, ಉಳಿದ ಚೌಕಟ್ಟನ್ನು ಕೆಳಗಿಳಿಸಿ ನಿಲ್ಲಿಸಿ, ಮೇಲಿನ ಸಂದಿಗೆ ಇಟ್ಟಿಗೆ ತುಂಬಿದೆ. ಅಪ್ಪನ ಒಂದು ಗೀಟಿಗೂ ಪೆಟ್ಟಾಗಿಲ್ಲವೆಂದು ಬೀದಿಯವರನ್ನೆಲ್ಲ ಕರೆದು ತೋರಿಸಿದ್ದೆ. ಎಂಥ ಜಂಬ!

ಆ ಮಳೆಗಾಲವೇ ಮೈಕು ಕೂಗಿತು. ಹೆಂಡತಿ ತನ್ನ ಹೊಲಿಗೆ ಮಿಷನ್ನನ್ನು ಅಟ್ಟಕ್ಕೆ ಏರಿಸೋಣವೆಂದಳು.

"ಸುಮ್ಕಿರಮ್ಮಿ, ಬೆಂಚಿನ ಮ್ಯಾಲಿಡು ಸಾಕು, ಗೀಟಿಗಿಂತ ಎತ್ರಾನೇ ಅದೆ. ಅಪ್ಪನ ಗೀಟು ದಾಟಿ ನೀರು ಬಂದದ್ದುಂಟಾ?" ಎಂದು ರೇಗಿದೆ.

ನೀರು ಇಳಿಯುವವರೆಗೆ ಮೂರು ದಿನ ಶಾಲೆಯ ಗಂಜಿಕೇಂದ್ರದಲ್ಲಿದ್ದು ಮನೆಗೆ ಬಂದರೆ ಮಿಷನ್ನೆಲ್ಲ ಕೆಸರು. ಅವಳು ಅಳಲಿಲ್ಲ. ಗೋಡೆಯ ಮೇಲಿದ್ದ ಕೆಸರಿನ ಗೆರೆಗೂ ಮೇಲಿನ ಗೀಟಿಗೂ ನಡುವೆ ಕೈ ಚಾಚಿ ಅಳೆದಳು. ಸರಿಯಾಗಿ ಒಂದು ಗೇಣು.

"ಮಾವ ಸರ್ಯಾಗೇ ಕೆತ್ತಿದ್ರು. ಗೀಟ್ನ ಕೆಳಕ್ಕಿಳಿಸ್ದೋರು ನೀವು. ನೀರು ಎಲ್ಲೀಗಂಟ ಬತ್ತದೆ ಅಂತ್ಲೇ ಗೊತ್ತಿಲ್ದಿರೋ ಮನೇಲಿ ನಾನಿರಾಕಿಲ್ಲ" ಎಂದವಳೇ ಮಿಷನ್ನನ್ನೂ ಹೊತ್ತು ನಾಗಮಂಗಲದ ತವರಿಗೆ ಬಸ್ಸು ಹತ್ತಿದಳು.

ಅವಳಿಲ್ಲದ ಮನೆ ನನಗೆ ಬೇಡವಾಗಿತ್ತು. ಹಾಗೆಂದು ಹೊಳೆಗೆ ಹೆದರಿ ಮನೆ ಬಿಡುವವನೂ ನಾನಲ್ಲ. ಕಲ್ಲುಕುಟಿಗನ ಹತ್ತಿರ ಚಾಣ ಕೇಳಿ ತಂದೆ. ಜಗಲಿಯ ಕಲ್ಲುಕಂಬದ ಮೇಲೆ, ಬೀದಿಗೆ ಕಾಣುವಂತೆ, ಅಪ್ಪನ ಪ್ರತಿ ಗೀಟನ್ನೂ ಒಂದು ಗೇಣು ಎತ್ತರಿಸಿ ಕೆತ್ತಿದೆ. ಕೆಂಪು ಬಣ್ಣವನ್ನೂ ತುಂಬಿದೆ. ಈ ಕಂಬಕ್ಕೆ ನನ್ನ ಗರಗಸ ನಾಟುವುದಿಲ್ಲ.

ಪಕ್ಕದ ಮನೆಯವನು ತನ್ನ ಮನೆ ಮಾರಲು ಹೊರಟಿದ್ದ. ಓಡಿ ಬಂದ.

"ಲೇ, ತಲೆಗಿಲೆ ಕೆಟ್ಟದೇನ್ಲಾ? ಭಾನ್ವಾರ ಮನೆ ನೋಡಾಕೆ ಬತ್ತಾವ್ರೆ. ಪುಟ್ಟಿ ಬಳ್ದು ಮುಚ್ಚಾಕು!"

"ನಾ ಮುಚ್ಚಿದ್ರೆ ಒಳೆ ಬರೋದು ಬುಟ್ಟಾದಾ? ಮುಚ್ಚಾಕಿಲ್ಲ, ಓಗ್ಲಾ!"

ಭಾನುವಾರ ಬಂದವರು ಕಂಬ ನೋಡಿ ಕೇಳಿದರು. ಎಲ್ಲವನ್ನೂ ಹೇಳಿದೆ, ನನ್ನ ದಡ್ಡತನವನ್ನೂ ಸೇರಿಸಿ. ಅವರು ಮತ್ತೆ ಬರಲಿಲ್ಲ. ಪಕ್ಕದವನು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಆಡದಿದ್ದರೆ ಬಿಡಲಿ.

ಆ ಸಂಜೆಯೇ ಹೆಂಡತಿಗೆ ಫೋನು ಮಾಡಿದೆ. "ಕಲ್ಲಲ್ಲಿ ಕೆತ್ತಿದೀನಿ. ಬಂದು ನೀನೇ ಅಳ್ದು ನೋಡು."

ಮಾರನೆಯ ದಿನ ಆಟೋದಿಂದ ಇಳಿದಳು. ಮಿಷನ್ನೂ ಇಳಿಯಿತು. ನನ್ನ ಮುಖ ನೋಡದೆ ನೇರ ಒಳಗೆ ಹೋಗಿ ಗೋಡೆಯ ಕೆಸರಿನ ಗೆರೆ ನೋಡಿದಳು, ಹೊರಗೆ ಬಂದು ಕಂಬದ ಮೇಲಿನ ಗೀಟಿಗೆ ಬೆರಳಿಟ್ಟು ನೋಡಿದಳು. ಎರಡೂ ಒಂದೇ ಮಟ್ಟ. ಆಮೇಲೆ ಸೆರಗು ಸಿಕ್ಕಿಸಿ ಮಿಷನ್ನಿನ ಒಂದು ಬದಿ ಹಿಡಿದಳು.

"ಇನ್ನೇನ್ ನೋಡ್ತಾ ನಿಂತಿದ್ದೀರಿ? ಹಿಡೀರಿ ಒಂದ್ಕಡೆ. ಅಟ್ಟಕ್ಕೆ!"