ಕೊನೆಯ ಕೋಣೆಯ ಎರಡು ದೆವ್ವ

ನಮ್ಮ ಹೈಸ್ಕೂಲಿನ ಕೊನೆಯ ಕೋಣೆಯಲ್ಲಿ ದೆವ್ವವಿದೆ ಎಂದು ಹುನಗುಂದದ ಹುಡುಗಿಯರೆಲ್ಲ ನಂಬಿದ್ದೆವು. ನನಗೆ ಇಷ್ಟವಾಗಿದ್ದ ಹುಡುಗ, ಊಟದ ಬಿಡುವಿನಲ್ಲಿ ಅಲ್ಲಿಯೇ ಕಾದಿರು ಎಂದ. ಹೆದರಿ ಗೆಳತಿಯನ್ನೂ ಕರೆದೊಯ್ದೆ. ನಮ್ಮ ಮನೆಯ ವಿಭೂತಿಯನ್ನು ಅವಳಿಗೆ ಹಚ್ಚಿದೆ. ಅವಳು ತಮ್ಮ ಮನೆದೇವರು ಬೀರಪ್ಪನ ಭಂಡಾರದ ಅರಿಶಿನವನ್ನು ನನಗೆ ಹಚ್ಚಿದಳು.

"ಹಣಿಗಷ್ಟ ಸಾಲೂದಿಲ್ಲ, ಮಾರಿ ತುಂಬ ಬಳಿ" ಎಂದಳು.

ಅವನು ಬಾಗಿಲು ತೆರೆದ. ಕಿಟಕಿ ಮುಚ್ಚಿದ್ದ ಕೋಣೆಯ ಕತ್ತಲಲ್ಲಿ ಒಂದು ಬಿಳಿ ಮುಖ, ಒಂದು ಹಳದಿ ಮುಖ. "ಯವ್ವಾ!" ಎಂದು ಓಡಿದ ಆ ಶೂರ, ಎರಡು ದೆವ್ವ ಕಂಡೆನೆಂದು ಶಾಲೆಗೆಲ್ಲ ಸಾರಿದ.

ಮರುದಿನದಿಂದ ಅತ್ತ ಯಾರೂ ಸುಳಿಯಲಿಲ್ಲ. ನಾವಿಬ್ಬರೇ ಅಲ್ಲಿ ಕೂತು ಆರಾಮಾಗಿ ರೊಟ್ಟಿ ತಿನ್ನುತ್ತಿದ್ದೆವು.

"ಅಲ್ಲ, ಒಳಗ ನೀ ಇದ್ದೀ ಅಂತ ಅವಗ ಗೊತ್ತಿತ್ತು. ದೆವ್ವಕ್ಕ ನಿನ್ನ ಬಿಟ್ಟು ಓಡಿದ್ನಲ್ಲ?" ಎಂದಳು ಗೆಳತಿ.

ನಾನು ಅವಳ ಡಬ್ಬಿಯಿಂದ ಇನ್ನೊಂದು ರೊಟ್ಟಿ ತೆಗೆದುಕೊಂಡೆ.