ತೊಂಬತ್ತೊಂದನೆಯ ಕುರ್ಚಿ

ನಮ್ಮ ಸೋದರಮಾವ ಸಭಾಭವನವೊಂದರಲ್ಲಿ ಕುರ್ಚಿ ಜೋಡಿಸುವ ಕೆಲಸಕ್ಕೆ ಸೇರಿದಾಗ ಅಲ್ಲಿದ್ದದ್ದು ತೊಂಬತ್ತೊಂದು ಕುರ್ಚಿ. ಸಾಲುಗಳೆಲ್ಲ ಸಮನಾಗಿರಬೇಕೆಂಬುದು ಅವರ ಹಟ. ಎರಡರಂತೆ, ಮೂರರಂತೆ, ಐದರಂತೆ ಹೇಗೆ ಇಟ್ಟರೂ ಕೊನೆಗೊಂದು ಮಿಕ್ಕುತ್ತಿತ್ತು.

"ಯಾವ ಮಗ್ಗಿಗೂ ಬಗ್ಗದ ಮೊಂಡು ಸಂಖ್ಯೆ ಇದು!" ಎಂದು ಬೈದು, ಒಂಬತ್ತರ ಹತ್ತು ಸಾಲು ಮಾಡಿ, ಮಿಕ್ಕ ಕುರ್ಚಿಯನ್ನು ಬಾಗಿಲಾಚೆ ಹಾಕಿಕೊಂಡು ಕೂತರು. ಬಾಗಿಲಲ್ಲಿ ಕೂತವರು ಕಾವಲುಗಾರರೇ ಇರಬೇಕೆಂದು ಆಡಳಿತದವರು ಟೋಪಿ, ಸೀಟಿ ಕೊಟ್ಟುಬಿಟ್ಟರು. ಹೀಗೇ ಮೂವತ್ತೊಂದು ವರ್ಷ ಕಳೆಯಿತು.

ಬೀಳ್ಕೊಡುಗೆಯ ದಿನ ಮಾವನಿಗೆ ಕೆಲಸ ಬೇಡವೆಂದು ಅತ್ತೆಯೇ ಬೇಗ ಹೋಗಿ ಕುರ್ಚಿ ಜೋಡಿಸಿದರು. ಏಳೇಳರಂತೆ ಹದಿಮೂರು ಸಾಲು. ಬಾಗಿಲಾಚೆಯದೂ ಒಳಗೆ ಬಂದಿತ್ತು, ಒಂದೂ ಮಿಕ್ಕಿರಲಿಲ್ಲ. ಮಾವನ ಮುಖ ಹುಳ್ಳಗಾಯಿತು.

"ಹದಿಮೂರೇಳ್ಲ ತೊಂಬತ್ತೊಂದು ಅಲ್ವೇನ್ರೀ? ಅಷ್ಟೂ ಬರಲ್ವಾ?" ಎಂದರು ಅತ್ತೆ.

"ಹನ್ನೆರಡರವರೆಗೂ ಬರುತ್ತೆ ಕಣೇ. ಹದಿಮೂರರ ಮಗ್ಗಿ ಹೇಳ್ಕೊಟ್ಟ ದಿನ ನಂಗೆ ಜ್ವರ."

ಅಷ್ಟರಲ್ಲಿ ಯಾರೋ ಮಾವನನ್ನು ವೇದಿಕೆಯ ಮೇಲೆ ಕೂರಿಸಲೆಂದು ಮೊದಲ ಸಾಲಿನ ಕುರ್ಚಿಯೊಂದನ್ನು ಎತ್ತಿದರು. ಅಲ್ಲಿಯವರೆಗೆ ಒಮ್ಮೆಯೂ ಊದದ ಸೀಟಿಯನ್ನು ಮಾವ ಊದಿಯೇಬಿಟ್ಟರು.

"ಇಡ್ರೀ ಕೆಳಗೆ! ಸಾಲು ಕೆಡುತ್ತೆ!"

ತಮ್ಮನ್ನು ಹೊಗಳಿದ ಭಾಷಣಗಳನ್ನೆಲ್ಲ ಅವರು ನಿಂತೇ ಕೇಳಿದರು.